ಎರಡನೆಯ ತರಗತಿಗೆ ಕುದುರೆ ಮಾಲೀಸು

ನನ್ನ ನೆರೆಮನೆಯ ಟೋರ್ನಿ ಹುಟ್ಟಿದಾಗಿನಿಂದ ಯಾರಿಗೂ 'ಬೇಡ' ಎಂದವನಲ್ಲ. ಇದನ್ನು ಸದ್ಗುಣವೆಂದು ನೀವು ತಿಳಿದರೆ ಅದು ನಿಮ್ಮ ದೊಡ್ಡತನ. ಅವನ ಹೆಂಡತಿ ಗುನ್‌ವೋರ್ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಅಚ್ಚು ಹಾಕಿಸುವಂತಿಲ್ಲ. ಮನೆಬಾಗಿಲಿಗೆ ಬಂದು ಕಸ ಹೀರುವ ಯಂತ್ರ ಮಾರುವವರಿಗೆಲ್ಲ ಇವನ ವಿಳಾಸ ಬಾಯಿಪಾಠ. ಒಮ್ಮೆ ಕ್ಷೌರದಂಗಡಿಯಲ್ಲಿ ಪಕ್ಕದ ಗಿರಾಕಿಗೆ ಹಚ್ಚಬೇಕಾದ ಬಣ್ಣವನ್ನು ಇವನ ತಲೆಗೆ ಹಚ್ಚತೊಡಗಿದರು. ಹುಡುಗಿ ಅಷ್ಟೊಂದು ಶ್ರದ್ಧೆಯಿಂದ ಮಾಡುತ್ತಿದ್ದಾಳೆ, ನಡುವೆ ಬಾಯಿ ಹಾಕುವುದು ಹೇಗೆ ಎಂದು ಇವನು ಸುಮ್ಮನೆ ಕೂತ. ಆ ಬೇಸಿಗೆಯಿಡೀ ತಾಮ್ರದ ಬಣ್ಣದ ಕೂದಲು ಹೊತ್ತು ಓಡಾಡಿದ. ಊರಿನವರು ಯಾರೂ ಏನೂ ಕೇಳಲಿಲ್ಲ. ನಮ್ಮ ಹೆಡೆಬೊ ಊರಿನಲ್ಲಿ ಕೇಳುವ ಪದ್ಧತಿ ಇಲ್ಲ.

ನಾನು ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತೇನೆ. ಟೋರ್ನಿ ಅದೇ ಶಾಲೆಯ ಎರಡನೆಯ ತರಗತಿಗೆ ಬದಲಿ ಮೇಷ್ಟ್ರು. ಎಷ್ಟು ಕಾಲದಿಂದ ಬದಲಿ ಎಂದರೆ, ಅವನ ಕೈಯಲ್ಲಿ ಓದು ಕಲಿತ ಹುಡುಗರು ಈಗ ಗಡ್ಡ ಬೋಳಿಸಿಕೊಳ್ಳುತ್ತಿದ್ದಾರೆ. ಪ್ರತಿ ಜೂನ್‌ನಲ್ಲಿ ಅವನಿಗೆ ಹೂಗುಚ್ಛ ಕೊಟ್ಟು ಕಳಿಸುವುದು, ಆಗಸ್ಟ್‌ನಲ್ಲಿ ಫೋನ್ ಮಾಡಿ ಕರೆಸುವುದು. ಅವನ ಬದುಕಿನ ಆಸೆ ಒಂದೇ: ಖಾಯಂ ಆಗಬೇಕು, ಆ ಹೂಗುಚ್ಛ ನಿಲ್ಲಬೇಕು. ಇಂಥ ಹೊತ್ತಿನಲ್ಲಿ ಆ ತರಗತಿಯ ಹಳೆಯ ಟೀಚರಮ್ಮ ನಿವೃತ್ತಿಯಾಗಿ ಬಿಸಿಲು ಹುಡುಕಿಕೊಂಡು ಸ್ಪೇನಿಗೆ ಹೊರಟುಹೋದಳು. ಕುರ್ಚಿ ಖಾಲಿಯಾಯಿತು.

ಮುಖ್ಯೋಪಾಧ್ಯಾಯಿನಿ ಅನ್ನೆಲಿ ಅದೇ ತಿಂಗಳು ಯಾವುದೋ ಸಮ್ಮೇಳನಕ್ಕೆ ಹೋಗಿ ಮುಖದ ತುಂಬ ಬೆಳಕು ತುಂಬಿಕೊಂಡು ಬಂದಳು. ಪಕ್ಕದ ಪುರಸಭೆಯ ಶಾಲೆಗಳಲ್ಲಿ ಮಕ್ಕಳು ಊಟವಾದ ಮೇಲೆ ಸ್ವಲ್ಪ ಹೊತ್ತು ಅಂಗಿಯ ಮೇಲಿಂದಲೇ ಒಬ್ಬರಿಗೊಬ್ಬರು ಬೆನ್ನು ನೀವುತ್ತಾರಂತೆ. ಅದರಿಂದ ಜಗಳ ಕಡಿಮೆಯಾಗುತ್ತದಂತೆ, ಮನಸ್ಸು ನಿಲ್ಲುತ್ತದಂತೆ, ಲೆಕ್ಕ ಕೂಡ ಬರುತ್ತದಂತೆ. ಬೆನ್ನು ನೀವಿದವನಿಗೆ ಅದೇ ಬೆನ್ನಿಗೆ ಗುದ್ದಲು ಕೈ ಏಳುವುದಿಲ್ಲ ಎಂದು ಅವಳು ಕಾಫಿ ವಿರಾಮದಲ್ಲಿ ವಿವರಿಸಿದಳು. ಇದಕ್ಕೊಂದು ತರಬೇತಿ ಇದೆ, ಯಾರು ಹೋಗುತ್ತೀರಿ ಎಂದಳು. ನಾವೆಲ್ಲ ನಮ್ಮ ನಮ್ಮ ಲೋಟದೊಳಗೆ ಇಣುಕಿ ನೋಡತೊಡಗಿದೆವು. ಟೋರ್ನಿ ಬನ್ ತೆಗೆದುಕೊಳ್ಳಲೆಂದು ತಲೆ ಎತ್ತಿದ, ಅವಳ ಕಣ್ಣಿಗೆ ಬಿದ್ದ, ಮುಗಿಯಿತು. ತರಬೇತಿ ಮುಗಿಸಿ ಬಂದವರನ್ನು ಖಾಯಂ ಮಾಡುವುದು ತನಗೆ ಸುಲಭ ಎಂದು ಅನ್ನೆಲಿ ಸೇರಿಸಿದಳು. ನನಗೆ ಆಗ ಲೋಟ ನೋಡಿದ್ದಕ್ಕೆ ಸ್ವಲ್ಪ ಹೊಟ್ಟೆ ಉರಿದದ್ದೂ ಹೌದು.

ತರಬೇತಿ ಸರೋವರದ ದಂಡೆಯ ಒಂದು ಹೋಟೆಲಿನಲ್ಲಿ. ಎದುರುಬದುರು ಎರಡು ಸಭಾಂಗಣಗಳು, ಎರಡರಲ್ಲೂ ಅಂದು ಮಸಾಜ್ ತರಬೇತಿ. ಟೋರ್ನಿ ಎಡಗಡೆಯದಕ್ಕೆ ಹೋಗಿ ಕೂತ. ಪರದೆಯ ಮೇಲೆ ಮೊದಲು ಮೂಡಿದ್ದು ಕುದುರೆಯ ಹಿಂಭಾಗ. ಅವನಿಗೆ ಏನೂ ಅನಿಸಲಿಲ್ಲ. ತರಬೇತಿ ಕೊಡುವವರು ನೇರವಾಗಿ ವಿಷಯಕ್ಕೆ ಬಂದದ್ದನ್ನು ಯಾರು ಕಂಡಿದ್ದಾರೆ? ಹೋದ ವರ್ಷ ಹಾಜರಿ ಪುಸ್ತಕದ ತರಬೇತಿ ಮಂಜುಗಡ್ಡೆಯ ಚಿತ್ರದಿಂದ ಶುರುವಾಗಿತ್ತು. ಆದರೆ ಎರಡನೆಯದೂ ಕುದುರೆ, ಮೂರನೆಯದೂ ಕುದುರೆ, ಆಮೇಲೆ ಗೊರಸು. ಆಗ ಅವನಿಗೆ ತಾನು ಕುದುರೆ ಮಾಲೀಸಿನ ತರಬೇತಿಯಲ್ಲಿ ಕೂತಿದ್ದೇನೆ ಎಂದು ಹೊಳೆಯಿತು.

ಏಳಬಹುದಿತ್ತಲ್ಲ ಎಂದು ಬೇರೆ ಊರಿನವರು ಕೇಳಬಹುದು. ಅವನು ಕೂತಿದ್ದು ಸಾಲಿನ ನಟ್ಟನಡುವೆ. ಎದ್ದರೆ ಪಕ್ಕದವರೆಲ್ಲ ಏಳಬೇಕು, ಅವರ ಮೊಣಕಾಲು ತಾಗುತ್ತದೆ, ಪಾಠ ಹೇಳುತ್ತಿರುವವಳು ಮಾತು ನಿಲ್ಲಿಸುತ್ತಾಳೆ, ಎಲ್ಲರೂ ನೋಡುತ್ತಾರೆ. ಇಷ್ಟೆಲ್ಲ ಅನಾಹುತಕ್ಕಿಂತ ಕುದುರೆಯೇ ವಾಸಿ. ಕಾಫಿ ಹೊತ್ತಿನಲ್ಲಿ ಜಾರಿಕೊಳ್ಳಬಹುದಿತ್ತು, ಆದರೆ ಅಷ್ಟರಲ್ಲಿ ಅವನು ಆ ಸಭಾಂಗಣದ ಏಲಕ್ಕಿ ಬನ್ ತಿಂದುಬಿಟ್ಟಿದ್ದ. ಒಂದು ಕಡೆಯ ಬನ್ ತಿಂದು ಇನ್ನೊಂದು ಕಡೆ ಪಾಠ ಕೇಳುವುದು ಅವನ ಲೆಕ್ಕದಲ್ಲಿ ಕಳ್ಳತನ. ಹೀಗಾಗಿ ಮರುದಿನ ಎಲ್ಲರ ಜೊತೆ ಲಾಯಕ್ಕೂ ಹೋದ. ಅಲ್ಲಿ ಅವನಿಗೊಂದು ಹೆಣ್ಣು ಕುದುರೆಯನ್ನು ವಹಿಸಿದರು. ಪಾಠ ಹೇಳುತ್ತಿದ್ದ ರಾಂಗ್‌ಹಿಲ್ಡ್ ಎಂಬ ದಷ್ಟಪುಷ್ಟ ಹೆಂಗಸು ಇವನ ಪಕ್ಕ ಬಂದು ನಿಂತು, "ನಿನ್ನ ಕೈ ಒಳ್ಳೇದು ಕಣಯ್ಯ. ಕುದುರೆ ನಿನ್ನ ನಂಬಿದೆ" ಎಂದಳಂತೆ. ಇದನ್ನು ಮರುದಿನ ನನ್ನ ಕಾರಿನಲ್ಲಿ ಶಾಲೆಗೆ ಬರುತ್ತ ನನಗೆ ಹೇಳುವಾಗ ಟೋರ್ನಿಯ ಕಣ್ಣು ಒದ್ದೆಯಾಗಿತ್ತು. ನಮ್ಮ ಶಾಲೆಯಲ್ಲಿ ಅವನ ಯಾವ ಅಂಗದ ಬಗ್ಗೆಯೂ ಯಾರೂ ಒಳ್ಳೆಯ ಮಾತಾಡಿದ್ದಿಲ್ಲ.

ಇವತ್ತೇ ಹೋಗಿ ಅನ್ನೆಲಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಡು ಎಂದೆ. ಕಾಫಿ ಹೊತ್ತಲ್ಲಿ ಹೇಳುತ್ತೇನೆ ಎಂದ. ಕಾಫಿ ಹೊತ್ತಿಗೆ ಹೋದರೆ ಮೇಜಿನ ಮೇಲೆ ಹಸಿರು ಬಾದಾಮಿ ಹೊದಿಕೆಯ ದೊಡ್ಡ ಕೇಕು, ಅದರ ಮೇಲೆ ಟೋರ್ನಿಯ ಹೆಸರು. ಕೇಕು ತಿಂದ ಬಾಯಲ್ಲಿ ಅಂಥ ಮಾತು ಹೊರಡುತ್ತದೆಯೇ? ಅವನು ನನ್ನ ಕಡೆ ನೋಡಿದ, ನಾನು ಇನ್ನೊಂದು ತುಂಡು ಹಾಕಿಕೊಂಡೆ.

ಮರುದಿನ ಎರಡನೆಯ ತರಗತಿಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ಅವನು ಮಕ್ಕಳಿಗೆ ಏನು ಹೇಳಿದನೋ ಆಗ ನಮಗಾರಿಗೂ ಗೊತ್ತಾಗಲಿಲ್ಲ. ಬಾಗಿಲಿನ ಗಾಜಿನಿಂದ ಕಂಡದ್ದು ಇಷ್ಟು: ಒಂದು ಮಗು ಕುರ್ಚಿಯ ಬೆನ್ನು ಹಿಡಿದು ಬಾಗಿ ನಿಲ್ಲುವುದು. ಇನ್ನೊಂದು ಎಡಗಡೆಯಲ್ಲಿ ನಿಲ್ಲುವುದು, ಹಿಂದೆ ಮಾತ್ರ ಯಾವ ಕಾರಣಕ್ಕೂ ನಿಲ್ಲಕೂಡದು. ಕತ್ತಿನಿಂದ ಕೆಳಕ್ಕೆ ಅಂಗೈಯಿಂದ ನಿಧಾನವಾಗಿ ನೀವುತ್ತ, ಕಣ್ಣನ್ನು ಎದುರಿನವರ ಕಿವಿಯ ಮೇಲೆ ಇಟ್ಟಿರುವುದು. ಆಮೇಲೆ ಒಂದೊಂದೇ ಕಾಲು ಮೇಲೆತ್ತಿ ಅಂಗಾಲಿಗೆ ಮೆಲ್ಲಗೆ ತಟ್ಟಿ ಕೆಳಗಿಡುವುದು. ಕೊನೆಗೆ ಕತ್ತು ತಟ್ಟಿ, ಅಂಗೈ ಅಗಲ ಮಾಡಿ ಅದರ ಮೇಲೊಂದು ಕ್ಯಾರೆಟ್ ತುಂಡು ಇಟ್ಟು ತಿನ್ನಿಸುವುದು. ಅಷ್ಟಾದ ಮೇಲೆ ಎಲ್ಲರೂ ಅಂಗಳದಲ್ಲಿ ಒಂದು ಸುತ್ತು ಹೆಜ್ಜೆ ಹಾಕುವುದು.

ಕೆಲಸ ಮಾಡಿತು ನೋಡಿ. ಮಾಡಬಾರದಿತ್ತು, ಮಾಡಿತು. ಟುವಾ ಎಂಬ ಹುಡುಗಿ ಇದ್ದಳು, ಹಲ್ಲಿಗೆ ಸಿಕ್ಕವರನ್ನು ಕಚ್ಚುವುದರಲ್ಲಿ ಊರಿಗೇ ಹೆಸರಾದವಳು. ಅವಳು ಕಚ್ಚುವುದನ್ನು ಬಿಟ್ಟು ಕ್ಯಾರೆಟ್ ಹಿಡಿದಳು. ಆ ತರಗತಿಯ ಮುಂದೆ ಹಾದುಹೋದರೆ ಒಳಗೆ ಮಕ್ಕಳು ಇದ್ದಾರೋ ಇಲ್ಲವೋ ಎಂದು ಅನುಮಾನ ಬರುವಷ್ಟು ನಿಶ್ಶಬ್ದ. ನನ್ನ ಮರಗೆಲಸದ ಕೋಣೆಗೆ ಬಂದಾಗಲೂ ಸುತ್ತಿಗೆಯಿಂದ ಮೊಳೆಗೆ ಮಾತ್ರ ಹೊಡೆಯತೊಡಗಿದರು.

ಪೋಷಕರ ಸಭೆಗೆ ಊರಿಗೆ ಊರೇ ಬಂತು. ಕ್ಯಾರೆಟ್ಟನ್ನು ಅಂಗೈ ಮೇಲಿಟ್ಟೇ ಯಾಕೆ ಕೊಡಬೇಕು ಎಂದು ಒಬ್ಬ ಅಪ್ಪ ಕೇಳಿದ. ಟೋರ್ನಿ ಬಾಯಿ ತೆರೆಯುವಷ್ಟರಲ್ಲಿ, ವಾರಪತ್ರಿಕೆಗಳಿಂದಲೇ ಮನಶ್ಶಾಸ್ತ್ರ ಅರೆದು ಕುಡಿದಿದ್ದ ಒಬ್ಬ ಅಮ್ಮ ಎದ್ದು, ತೆರೆದ ಅಂಗೈ ಎಂದರೆ ನಂಬಿಕೆ, ಮುಚ್ಚಿದ ಮುಷ್ಟಿ ಎಂದರೆ ಪ್ರಪಂಚದ ಸಕಲ ಯುದ್ಧಗಳು ಎಂದು ವಿವರಿಸಿದಳು. ಎಲ್ಲರೂ ತಲೆದೂಗಿದರು. ಕಿವಿ ನೋಡುವುದು ಯಾಕೆ ಎಂದಾಗ ಇನ್ನೊಬ್ಬ, ಅದು ಆಲಿಸುವ ಸಂಸ್ಕಾರ, ನಮ್ಮ ಸಮಾಜ ಕಳೆದುಕೊಂಡದ್ದೇ ಅದನ್ನು ಎಂದ. ಕಾಲು ಎತ್ತುವುದಕ್ಕೂ ಯಾರೋ ಬೌದ್ಧ ಮೂಲ ಹುಡುಕಿಕೊಟ್ಟರು. ಟೋರ್ನಿ ಅಂದು ಒಂದೇ ಒಂದು ಸುಳ್ಳು ಹೇಳಲಿಲ್ಲ. ಹೇಳಲು ಬಿಟ್ಟರೆ ತಾನೆ.

ಸಭೆ ಮುಗಿದ ಮೇಲೆ ಟುವಾಳ ಅಜ್ಜಿ ಡಾಗ್ನಿ ಹತ್ತಿರ ಬಂದಳು. ಗಾಡಿ ಕುದುರೆ ಓಟಕ್ಕೆ ಕುದುರೆ ಸಾಕುವ ಮುದುಕಿ. ಟೋರ್ನಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, "ಎಡಗಡೆಯಿಂದ ಶುರು ಮಾಡಿಸ್ತೀಯಲ್ಲ, ಅದು ಸರಿ" ಎಂದಷ್ಟೇ ಹೇಳಿ ಕೋಟು ಹಾಕಿಕೊಂಡು ಹೊರಟಳು. ಕುದುರೆಯ ಬಳಿ ಎಡಗಡೆಯಿಂದಲೇ ಹೋಗಬೇಕೆಂದು ಬಲ್ಲವಳು ಅವಳು; ಟೋರ್ನಿಯ ಮುಖ ಸುಣ್ಣದಂತಾಯಿತು. ಆ ವಾರ ಮುಗಿಯುವುದರೊಳಗೆ ಊರಿಗೆಲ್ಲ ವಿಷಯ ತಿಳಿದಿತ್ತು. ಅಂಗಡಿಯ ಸಾಲಿನಲ್ಲಿ, ಈಜುಕೊಳದ ಉಗಿಕೋಣೆಯಲ್ಲಿ, ಚರ್ಚಿನ ಹಿಂದಿನ ಬೆಂಚಿನಲ್ಲಿ ಎಲ್ಲರೂ ಇದನ್ನೇ ಆಡಿಕೊಂಡರು. ಅವನ ಎದುರಿಗೆ ಮಾತ್ರ ಹವಾಮಾನದ ಮಾತು. ಅವನಿಗೆ ಮುಜುಗರವಾಗಬಾರದಲ್ಲ. ಮುಜುಗರ ತಪ್ಪಿಸುವುದರಲ್ಲಿ ನಮ್ಮವರಿಗೆ ಸಮನಿಲ್ಲ, ಅದಕ್ಕಾಗಿ ಒಬ್ಬನನ್ನು ನೀರಿನಲ್ಲಿ ಮುಳುಗಲೂ ಬಿಟ್ಟಾರು.

ಮಕ್ಕಳು ತಣ್ಣಗಾದ ಸುದ್ದಿ, ಕುದುರೆಯ ಮಾತೊಂದನ್ನು ಬಿಟ್ಟು, ಪತ್ರಿಕೆಗೂ ಹೋಯಿತು, ಅಲ್ಲಿಂದ ಪುರಸಭೆಗೆ. ಒಂದು ದಿನ ಶಿಕ್ಷಣಾಧಿಕಾರಿ ಸ್ವಾಂಟೆ ಸ್ವತಃ ಬಂದ. ಕೈ ಕುಲುಕುವಾಗಲೂ ತೋಳು ನೀಳವಾಗಿ ಚಾಚಿ, ಎದುರಿನವರನ್ನು ಅಷ್ಟು ದೂರದಲ್ಲೇ ತಡೆದು ನಿಲ್ಲಿಸುವ ಮನುಷ್ಯ. ಅಂದು ಟುವಾಳ ಜೊತೆಗಾರ ಜ್ವರ ಬಂದು ಮನೆಯಲ್ಲಿದ್ದ. ಯಾರಾದರೂ ಒಬ್ಬರು ಬೇಕು ಎಂದಳು ಅವಳು. ಶಿಕ್ಷಕರೆಲ್ಲ ಕಿಟಕಿಯಾಚೆ ನೋಡಿದೆವು. ಸ್ವಾಂಟೆಗೆ ನೋಡಲು ಕಿಟಕಿ ಸಿಗಲಿಲ್ಲ. ಕೋಟು ಬಿಚ್ಚಿ, ಮಕ್ಕಳ ಪುಟ್ಟ ಕುರ್ಚಿಯ ಬೆನ್ನು ಹಿಡಿದು ಬಾಗಿದ.

ಟುವಾ ಅವನ ಎಡಗಡೆ ನಿಂತು ಕೈಯಿಟ್ಟಳು. ಮೊದಲು ಅವನು ಹಲಗೆಯಂತೆ ಬಿಗಿದುಕೊಂಡ. ಸ್ವಲ್ಪ ಹೊತ್ತಿಗೆ ಅವನ ಭುಜ ಕೆಳಗಿಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಮೂಗಿನಿಂದ ನೀರು ತೊಟ್ಟಿಕ್ಕಿತು. ಅವ್ವ ತೀರಿಕೊಂಡ ಮೇಲೆ ತನ್ನ ಬೆನ್ನಿನ ಮೇಲೆ ಯಾರೂ ಕೈಯಿಟ್ಟಿರಲಿಲ್ಲ ಎಂದು ಗೊಗ್ಗರು ದನಿಯಲ್ಲಿ ಹೇಳಿದ. ಎಲ್ಲಿ ನೋಡಬೇಕೋ ತಿಳಿಯದೆ ನಾವು ಮತ್ತೆ ಕಿಟಕಿ ನೋಡಿದೆವು. ಟುವಾ ಅವನ ಕಾಲೆತ್ತಿ ಬೂಟಿನ ಅಡಿ ತಟ್ಟಿದಳು, ಕ್ಯಾರೆಟ್ ತಿನ್ನಿಸಿದಳು. ಅದನ್ನು ಅಗಿಯುತ್ತಲೇ ಸ್ವಾಂಟೆ, ಇದನ್ನು ಪುರಸಭೆಯ ಎಲ್ಲ ಶಾಲೆಗಳಿಗೂ ತರುತ್ತೇನೆ, ಟೋರ್ನಿಯನ್ನು ಕ್ರಿಸ್‌ಮಸ್ಸಿಗೆ ಮುಂಚೆ ಖಾಯಂ ಮಾಡುತ್ತೇನೆ ಎಂದು ಘೋಷಿಸಿದ.

ಟುವಾ ಸ್ವಾಂಟೆಯ ಕತ್ತು ತಟ್ಟಿ, "ನೀನು ಒಳ್ಳೇ ಕುದುರೆ. ಆದ್ರೆ ಎಡಗಾಲಿನ ಲಾಳ ಸವೆದಿದೆ" ಎಂದಳು.

ಮಕ್ಕಳ ಕಲ್ಪನೆಯೇ ಕಲ್ಪನೆ ಎಂದು ಅನ್ನೆಲಿ ನಕ್ಕಳು, ಅಗತ್ಯಕ್ಕಿಂತ ಜೋರಾಗಿ.

"ಕಲ್ಪನೆ ಅಲ್ಲ," ಎಂದಳು ಟುವಾ. "ಇದು ಕುದುರೆ ಮಾಲೀಸು. ಟೋರ್ನಿ ಮೊದಲ ದಿನಾನೇ ನಮಗೆ ಹೇಳಿದಾನೆ. ತಪ್ಪು ಕೋಣೇಲಿ ಕೂತ್ಬಿಟ್ಟೆ, ಏಳೋಕೆ ನಾಚಿಕೆ ಆಯ್ತು ಅಂತ."

ದೊಡ್ಡವರಿಗೆ ಹೇಳಲಾಗದ್ದನ್ನು ಅವನು ಆ ಚಿಳ್ಳೆಪಿಳ್ಳೆಗಳ ಮುಂದೆ ಹೇಳಿಕೊಂಡಿದ್ದ, ಅವು ಗುಟ್ಟು ಕಾಪಾಡಿಕೊಂಡು ಬಂದಿದ್ದವು. ಸ್ವಾಂಟೆ ಅರ್ಧ ಕ್ಯಾರೆಟ್ ಬಾಯಲ್ಲಿಟ್ಟುಕೊಂಡು ಟೋರ್ನಿಯ ಕಡೆ ತಿರುಗಿ, ಹೌದೇ ಎಂದ. ಹೌದು ಎಂದ ಟೋರ್ನಿ. ಸ್ವಾಂಟೆ ಅಗಿದು ನುಂಗಿ, ಕೋಟು ತೊಟ್ಟು, "ಕುತೂಹಲಕರ" ಎಂದ. ನಮ್ಮ ಕಡೆ ಅಧಿಕಾರಿಗಳ ಬಾಯಿಂದ ಬರುವ ಅತಿ ಕೆಟ್ಟ ಬೈಗುಳ ಅದೇ.

ಆಮೇಲೆ ಖಾಯಂ ನೇಮಕಕ್ಕೆ ಪುರಸಭೆಯ ಸಮಿತಿ ಕೂತಿತು. ಪತ್ರಿಕೆಯಲ್ಲಿ ಹೊಗಳಿಕೆ ಬಂದಾಗಿತ್ತು, ಸ್ವಾಂಟೆಯ ಬೆನ್ನು ಹಗುರಾಗಿತ್ತು, ಪೋಷಕರು ಮನೆಮನೆಯಲ್ಲಿ ಕಾಲೆತ್ತಿ ಅಂಗಾಲು ತಟ್ಟುತ್ತಿದ್ದರು. ಪದ್ಧತಿ ತಪ್ಪೆನ್ನಲು ಯಾರಿಗೂ ಇಷ್ಟವಿರಲಿಲ್ಲ. ಹಾಗಾಗಿ ಪದ್ಧತಿ ಸರಿ, ಮನುಷ್ಯ ಮಾತ್ರ ತಪ್ಪು ಎಂಬ ತೀರ್ಮಾನಕ್ಕೆ ಬಂದರು. ಕರೆಯದ ತರಬೇತಿಯಲ್ಲಿ ಕೂತವನನ್ನು ತರಬೇತಿ ಪಡೆದವನು ಎನ್ನುವುದು ಹೇಗೆ?

ಟೋರ್ನಿ ಈ ನಡುವೆ ಒಂದು ಕೆಲಸ ಮಾಡಿದ್ದ. ಯಾರೂ ಹೇಳದೆಯೇ, ರಜೆಯಲ್ಲಿ, ನಿಜವಾದ ಮಕ್ಕಳ ಮಸಾಜ್ ತರಬೇತಿಗೆ ಹೋಗಿಬಂದಿದ್ದ. ಬಾಗಿಲಲ್ಲಿ ನಿಂತವಳನ್ನು ಇದು ಮಕ್ಕಳದೇ ತಾನೆ ಎಂದು ಮತ್ತೆ ಮತ್ತೆ ಕೇಳಿ ಒಳಗೆ ಹೋದನಂತೆ. ವಾಪಸು ಬಂದವನು ಕಾರಿನಲ್ಲಿ ಹೊಸ ಖಂಡ ಕಂಡುಹಿಡಿದವನ ಹಾಗೆ ಮಾತಾಡಿದ. "ಅಲ್ಲಿ ಕೈ ಇಡೋಕೆ ಮುಂಚೆ ಕೇಳಬೇಕು ಕಣೋ. ನಿನ್ನ ಬೆನ್ನು ನೀವಲಾ ಅಂತ. ಮಗು ಬೇಡ ಅಂದ್ರೆ ಬೇಡ. ಯಾಕೆ ಅಂತ ಹೇಳಬೇಕಾಗೂ ಇಲ್ಲ." ಸ್ವಲ್ಪ ದೂರ ಹೋದ ಮೇಲೆ, "ಹಾಗೂ ಇರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದ.

ಸಂದರ್ಶನದಲ್ಲಿ ಅವನು ಇದನ್ನೆಲ್ಲ ಹೇಳಿದ. ಸಮಿತಿಯವರು ಸಹಾನುಭೂತಿಯಿಂದ ಕೇಳಿಸಿಕೊಂಡು, ಇದು ಬೇರೆ ಪದ್ಧತಿ, ನಮ್ಮ ಪುರಸಭೆ ಒಪ್ಪಿಕೊಂಡಿರುವುದು ಕುದುರೆಯದು, ನಿನಗೆ ಅದರಲ್ಲಿ ಅರ್ಹತೆ ಇಲ್ಲವಲ್ಲ ಎಂದು ವಿಷಾದ ವ್ಯಕ್ತಪಡಿಸಿದರು. ಖಾಯಂ ಹುದ್ದೆ ರಾಂಗ್‌ಹಿಲ್ಡ್‌ಗೆ ಹೋಯಿತು, ಕುದುರೆ ಮಾಲೀಸಿನ ಪಾಠ ಹೇಳಿದ ಅವಳಿಗೇ. ಅನ್ನೆಲಿ ಮತ್ತೆ ಹಸಿರು ಕೇಕು ತರಿಸಿದಳು. ಟೋರ್ನಿಯೂ ಒಂದು ತುಂಡು ತಿಂದ. ನನಗಿಂತ ಅವಳು ಚೆನ್ನಾಗಿ ಬಲ್ಲಳು ಬಿಡೋ ಎಂದು ವಾಪಸು ಬರುವಾಗ ಅವನು ಹೇಳಿದ್ದಕ್ಕೆ, ನಾನು ಕಾರನ್ನು ಚರಂಡಿಗಿಳಿಸುವುದೊಂದು ಬಾಕಿ. ಇಂಥವನನ್ನು ಬೈದು ಏನು ಪ್ರಯೋಜನ? ಆದರೂ ಮನೆ ಬರುವವರೆಗೆ ಬೈದೆ. ಅವನು ಹೂಂ ಎನ್ನುತ್ತಿದ್ದ.

ಮೇ ತಿಂಗಳು ಬಂತು, ಗಾಡಿ ಕುದುರೆ ಓಟಗಳು ಶುರುವಾದವು. ರಾಂಗ್‌ಹಿಲ್ಡ್ ರಜೆ ಹಾಕಿ ತನ್ನ ಕುದುರೆಗಳ ಹಿಂದೆ ಹೋದಳು. ಅವಳ ಜಾಗಕ್ಕೆ ಬದಲಿ ಬೇಕಲ್ಲ? ಅನ್ನೆಲಿ ಯಾರಿಗೆ ಫೋನ್ ಮಾಡಿರಬಹುದೆಂದು ನೀವೇ ಊಹಿಸಿ. ಈ ಸಲ ಚೆನ್ನಾಗಿ ನಡೆಸಿಕೊಟ್ಟರೆ ಬರುವ ವರ್ಷ ಮೂರನೆಯ ತರಗತಿಗೆ ಖಾಯಂ, ಸ್ವಾಂಟೆ ಬಾಯಿಬಿಟ್ಟು ಮಾತು ಕೊಟ್ಟಿದ್ದಾನೆ ಎಂದಳು. ಗುನ್‌ವೋರ್ ಬೇಡವೆಂದು ಎದುರಿಗೆ ನಿಂತು ಕೈ ಬೀಸುತ್ತಿದ್ದರೂ ಟೋರ್ನಿ ಹೂಂ ಎಂದ.

ಆದರೆ ತರಗತಿಯ ಬಾಗಿಲು ಮುಚ್ಚಿಕೊಂಡು ಅವನು ಈ ಸಲ ಮಕ್ಕಳಿಗೆ ಹೊಸ ಪಾಠ ಹೇಳಿದ. ಮೊದಲು ಕೇಳುವುದು, ಉತ್ತರಕ್ಕೆ ಕಾಯುವುದು. ಮಕ್ಕಳು ಅದನ್ನು ಬೆನ್ನಿಗಷ್ಟೇ ನಿಲ್ಲಿಸಲಿಲ್ಲ, ಊಟಕ್ಕೂ ಲೆಕ್ಕಕ್ಕೂ ಟೋಪಿಗೂ ಹಚ್ಚಿದರು. ನಿನ್ನ ಗರಗಸ ತೆಗೆದುಕೊಳ್ಳಲಾ ಎಂದು ನನ್ನನ್ನೂ ಕೇಳಿದರು. ಮರಗೆಲಸ ಕಲಿಸಲು ಶುರುಮಾಡಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅಷ್ಟರಲ್ಲಿ ಸ್ವಾಂಟೆ ರಾಜಧಾನಿಯಿಂದ ದೊಡ್ಡ ಮನುಷ್ಯರನ್ನು ಕರೆದುಕೊಂಡು ಬಂದ. ಹೆಡೆಬೊ ಪದ್ಧತಿಯನ್ನು ದೇಶಕ್ಕೆ ತೋರಿಸಬೇಕಂತೆ. ನಾವೆಲ್ಲ ಹಿಂದೆ ಸಾಲಾಗಿ ನಿಂತೆವು. ಸ್ವಾಂಟೆಗೆ ಯಾರೂ ಹೇಳಬೇಕಾಗಲಿಲ್ಲ, ತಾನೇ ಕೋಟು ಬಿಚ್ಚಿ, ಪುಟ್ಟ ಕುರ್ಚಿಯ ಮೇಲೆ ತಿರುಗಿ ಕೂತು ಬೆನ್ನು ಬಗ್ಗಿಸಿದ. ಎಷ್ಟು ದಿನದಿಂದ ಕಾದಿದ್ದನೋ ಏನೋ. ಶುರುಮಾಡು ಪುಟ್ಟಿ ಎಂದ.

"ಕೇಳಬೇಕು," ಎಂದಳು ಟುವಾ.

"ಏನನ್ನ?"

"ನನಗೆ ಮನಸ್ಸಿದೆಯಾ ಅಂತ."

ಅತಿಥಿಗಳು ಮೆಚ್ಚಿ ನಕ್ಕರು. ಸ್ವಾಂಟೆಯೂ ನಕ್ಕು, ನಿನಗೆ ಮನಸ್ಸಿದೆಯೇ ಎಂದು ಕೇಳಿದ. ಟುವಾ ಅವನ ಬೆನ್ನನ್ನು ನೋಡಿದಳು, ಅತಿಥಿಗಳನ್ನು ನೋಡಿದಳು, ಯೋಚಿಸಿದಳು.

"ಬೇಡ. ಕೇಳಿದ್ದಕ್ಕೆ ಥ್ಯಾಂಕ್ಸ್."

ಪಕ್ಕದ ಹುಡುಗನನ್ನು ಕೇಳಿದರು. ಅವನೂ ಬೇಡ ಎಂದ, ಥ್ಯಾಂಕ್ಸ್ ಹೇಳಿದ. ಅವನ ಪಕ್ಕದವಳೂ ಹಾಗೆಯೇ. ಒಂದು ಮಗುವೂ ಸಿಟ್ಟು ಮಾಡಲಿಲ್ಲ, ಹಟ ಮಾಡಲಿಲ್ಲ. ತಟ್ಟೆ ಮುಂದೆ ಹಿಡಿದಾಗ ಹೊಟ್ಟೆ ತುಂಬಿದೆ ಎನ್ನುವಷ್ಟು ಸಹಜವಾಗಿ ಇಡೀ ತರಗತಿ ಬೇಡ ಎಂದಿತು. ಅತಿಥಿಗಳ ನಗು ನಿಂತಿತು. ಅನ್ನೆಲಿ ಟೋರ್ನಿಯ ಬಳಿ ಸರಿದಳು. ನಾನು ಅವನ ಮಗ್ಗುಲಲ್ಲೇ ನಿಂತಿದ್ದೆ.

"ಟೋರ್ನಿ, ನೀನು ಒಂದು ಮಾತು ಹೇಳು, ಮಾಡ್ತಾರೆ," ಎಂದಳು ಪಿಸುದನಿಯಲ್ಲಿ. "ಮೂರನೇ ಕ್ಲಾಸಿನ ವಿಷಯ ನೆನಪಿದೆ ತಾನೆ?"

ಟೋರ್ನಿಯ ಬಾಯಿ ಆಗಲೇ ಹೂಂ ಎನ್ನುವ ಆಕಾರಕ್ಕೆ ಬಂದಿತ್ತು. ಬೇಡವೋ ಪುಣ್ಯಾತ್ಮ, ಎಂದು ನಾನು ಮನಸ್ಸಿನಲ್ಲೇ ಬಡಿದುಕೊಂಡೆ. ಬಾಯಿಬಿಟ್ಟು ಹೇಳಬಹುದಿತ್ತು, ಆದರೆ ನಾನೂ ಇದೇ ಊರಿನವನು. ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು.

"ನೀನು ನನ್ನನ್ನ ಕೇಳ್ತಿದ್ದೀಯಾ, ಇಲ್ಲ ಹೇಳ್ತಿದ್ದೀಯಾ?" ಎಂದ.

ಅನ್ನೆಲಿ ಅತಿಥಿಗಳ ಕಡೆ ನೋಡಿ ಮುಖದ ಮೇಲೆ ನಗು ತಂದುಕೊಂಡಳು. "ಕೇಳ್ತಾನೇ ಇದ್ದೀನಿ."

"ಹಾಗಾದ್ರೆ ಬೇಡ," ಎಂದ ಟೋರ್ನಿ.

ಆ ಮಾತಿಗೆ ಅವನಿಗೇ ಬೆವರಿಳಿಯಿತು. ಮೂರನೆಯ ತರಗತಿ ಅಲ್ಲಿಗೆ ಕೈತಪ್ಪಿತು ಎಂದು ನನಗೂ ತಿಳಿಯಿತು, ಅವನಿಗೂ ತಿಳಿಯಿತು. ಅವನು ಮಕ್ಕಳ ಕಡೆ ತಿರುಗಿ, ಅಂಗಳಕ್ಕೆ ಹೋಗೋಣವೇ ಎಂದು ಕೇಳಿದ. ಎಲ್ಲವೂ ಹೂಂ ಎಂದು ಅವನ ಹಿಂದೆ ಓಡಿದವು. ಅತಿಥಿಗಳು ಕೋಟು ಹುಡುಕತೊಡಗಿದರು, ಅನ್ನೆಲಿ ಕಾಫಿ ಕಾಫಿ ಎನ್ನುತ್ತ ಅವರನ್ನು ಹೊರಗೆ ಕರೆದೊಯ್ದಳು. ಸ್ವಾಂಟೆ ಮಾತ್ರ, ಇನ್ಯಾರಾದರೂ ಬಂದಾರೆಂದು ಬೆನ್ನು ಬಗ್ಗಿಸಿಕೊಂಡೇ ಕೂತಿದ್ದ.